ಬೆಳಗಿನ ಅರ್ಧ ಗಂಟೆ ಯಾವುದಕ್ಕೆ? ಆಸನ, ಪ್ರಾಣಾಯಾಮ, ಎಣ್ಣೆ ಸ್ನಾನ, ಕಷಾಯಗಳ ನಡುವೆ ಆರಿಸಿಕೊಳ್ಳುವವರಿಗೆ

ಯೋಗ, ಆಯುರ್ವೇದ ಅಂತ ಏನಾದರೂ ಶುರು ಮಾಡೋಣ ಎಂದು ಹೊರಟವರಿಗೆ ಮೊದಲ ವಾರದಲ್ಲೇ ತಲೆ ಕೆಡುತ್ತದೆ. ಪಕ್ಕದ ಮನೆಯವರು ದಿನಾ ಸೂರ್ಯ ನಮಸ್ಕಾರ ಮಾಡಿ ಅನ್ನುತ್ತಾರೆ. ಆಫೀಸಿನ ಗೆಳೆಯ ಕಪಾಲಭಾತಿ ಒಂದಿದ್ದರೆ ಸಾಕು ಅನ್ನುತ್ತಾನೆ. ವಾರಕ್ಕೊಮ್ಮೆ ಎಣ್ಣೆ ಹಚ್ಚಿಕೊಳ್ಳದಿದ್ದರೆ ಮೈಯಲ್ಲಿ ಉಷ್ಣ ಕೂರದೆ ಇನ್ನೇನಾಗುತ್ತೆ ಅಂತ ಅತ್ತೆ ಕೇಳುತ್ತಾರೆ. ಫೋನ್ ತೆರೆದರೆ ಅಶ್ವಗಂಧದ ಜಾಹೀರಾತು. ಎಲ್ಲರ ಮಾತಲ್ಲೂ ಸ್ವಲ್ಪ ಸ್ವಲ್ಪ ನಿಜ ಇದೆ. ಆದರೆ ಎಲ್ಲವನ್ನೂ ಮಾಡಲು ಹೊರಟರೆ ಬೆಳಿಗ್ಗೆ ಮೂರು ಗಂಟೆ ಬೇಕು. ನಮ್ಮಲ್ಲಿ ಬಹಳ ಜನಕ್ಕೆ ಸಿಗುವುದು ಅರ್ಧ ಗಂಟೆ. ಅದೂ ಹಾಲು ಬರುವುದಕ್ಕೂ ಮಕ್ಕಳು ಏಳುವುದಕ್ಕೂ ನಡುವೆ.

ಆ ಅರ್ಧ ಗಂಟೆಯನ್ನು ಯಾವುದಕ್ಕೆ ಕೊಡಬೇಕು ಅನ್ನುವುದೇ ಇಲ್ಲಿನ ಪ್ರಶ್ನೆ. ಕಾಯಿಲೆ ವಾಸಿ ಮಾಡುವ ಮಾತು ಇಲ್ಲಿಲ್ಲ. ಒಟ್ಟಾರೆ ಚೆನ್ನಾಗಿರುವವರು, ಇಲ್ಲವೇ ಬೆನ್ನು ಹಿಡಿಯುತ್ತೆ, ನಿದ್ದೆ ಸರಿಯಿಲ್ಲ, ಹೊಟ್ಟೆ ಭಾರ ಅನ್ನುವಂಥ ದಿನದಿನದ ಕಿರಿಕಿರಿ ಇರುವವರಿಗೆ ಇದು.

ಯಾವುದರಿಂದ ಅಳೆಯಬೇಕು?

ನಾನು ಮೊದಲು ನೋಡುವುದು, ತಪ್ಪಾಗಿ ಮಾಡಿದರೆ ಏನಾಗುತ್ತದೆ ಅನ್ನುವುದನ್ನು. ಲಾಭದ ಮಾತು ಎಲ್ಲರೂ ಆಡುತ್ತಾರೆ. ನಿಧಾನವಾಗಿ ಉಸಿರಾಡುವುದನ್ನು ತಪ್ಪಾಗಿ ಮಾಡಿದರೆ ಹೆಚ್ಚೆಂದರೆ ಹತ್ತು ನಿಮಿಷ ವ್ಯರ್ಥ. ಶೀರ್ಷಾಸನ ತಪ್ಪಾದರೆ ಕುತ್ತಿಗೆ. ಯಾರೋ ಕೊಟ್ಟ ಭಸ್ಮದ ಔಷಧಿ ತಪ್ಪಾದರೆ ಕಿಡ್ನಿ.

ಎರಡನೆಯದು, ಮಳೆ ಬಂದ ದಿನ, ನೆಂಟರು ಬಂದ ದಿನ, ಊರಿಗೆ ಹೋದ ದಿನವೂ ಅದನ್ನು ಮಾಡಬಹುದೇ? ಮೂರನೆಯದು ಹಣ. ಶುರುವಿನ ಖರ್ಚು ಬೇರೆ, ಪ್ರತಿ ತಿಂಗಳ ಖರ್ಚು ಬೇರೆ. ಚಿಕ್ಕದು ಅನ್ನಿಸಿದರೂ ತಿಂಗಳ ಖರ್ಚನ್ನೇ ಗಟ್ಟಿಯಾಗಿ ನೋಡಬೇಕು. ನಾಲ್ಕನೆಯದು, ಎದುರಿಗೆ ನಿಂತು ಕಲಿಸುವವರು ಬೇಕೇ, ನಾವೇ ಕಲಿಯಬಹುದೇ? ಕೊನೆಯದಾಗಿ, ನಿಮ್ಮ ಕಿರಿಕಿರಿ ಯಾವುದು? ನಿದ್ದೆ ಬಾರದವರು ಬೆಳಿಗ್ಗೆ ಐದಕ್ಕೆ ಎದ್ದು ನೂರೆಂಟು ನಮಸ್ಕಾರ ಹಾಕುವುದರಲ್ಲಿ ಅರ್ಥವಿಲ್ಲ.

‘ಎಷ್ಟು ಪುರಾತನ’ ಅನ್ನುವುದನ್ನು ಬೇಕೆಂದೇ ಬಿಟ್ಟಿದ್ದೇನೆ. ಇವತ್ತು ನಾವು ಮಾಡುವ ರೂಪದ ಸೂರ್ಯ ನಮಸ್ಕಾರವನ್ನು ವ್ಯಾಯಾಮವಾಗಿ ಮನೆಮನೆಗೆ ತಲುಪಿಸಿದವರಲ್ಲಿ ಮುಖ್ಯರು ಕಳೆದ ಶತಮಾನದ ಮೊದಲ ಭಾಗದಲ್ಲಿ ಈಗಿನ ಮಹಾರಾಷ್ಟ್ರದಲ್ಲಿರುವ ಔಂಧ್ ಸಂಸ್ಥಾನವನ್ನು ಆಳುತ್ತಿದ್ದ ರಾಜರು. ಅಷ್ಟು ಈಚಿನದು ಅಂತ ಅದರಿಂದ ಬೆನ್ನಿಗೆ ಆಗುವ ಲಾಭ ಕಮ್ಮಿಯಾಗುವುದಿಲ್ಲ. ಸಾವಿರಾರು ವರ್ಷ ಹಳೆಯದು ಅಂತ ಯಾವ ಪುಡಿಯೂ ಲಿವರ್‌ಗೆ ಸುರಕ್ಷಿತವೂ ಆಗುವುದಿಲ್ಲ.

ಆಸನ ಮತ್ತು ಸೂರ್ಯ ನಮಸ್ಕಾರ

ದಿನವಿಡೀ ಕೂತು ಕೆಲಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದಿನಾ ಅರ್ಧ ಗಂಟೆ, ವಾರಕ್ಕೆ ಐದು ದಿನ, ಲೆಕ್ಕ ಅಲ್ಲಿಗೆ ಸರಿಹೋಯಿತು. ಆದರೆ ಮೆಲ್ಲಗೆ ಮಾಡುವ ಆಸನಗಳೆಲ್ಲ ಆ ಶ್ರಮದ ಲೆಕ್ಕಕ್ಕೆ ಬರುವುದಿಲ್ಲ. ಸೂರ್ಯ ನಮಸ್ಕಾರವನ್ನು ಸ್ವಲ್ಪ ವೇಗವಾಗಿ ಮಾಡಿದರೆ ಬರುತ್ತದೆ. ಬರೀ ಶವಾಸನ, ಭುಜ ತಿರುಗಿಸುವುದು ಅಂತ ಮುಗಿಸುವವರು ಜೊತೆಗೆ ಬಿರುಸು ನಡಿಗೆಯನ್ನೂ ಇಟ್ಟುಕೊಳ್ಳಬೇಕು.

ಕಲಿಯುವುದು ಎಲ್ಲಿ ಅನ್ನುವುದೇ ಇಲ್ಲಿ ದೊಡ್ಡ ಗೊಂದಲ. ಈ ಗೊಂದಲಕ್ಕೂ ನಮ್ಮ ಮೈಸೂರಿಗೂ ನೇರ ನಂಟಿದೆ. ಚಿತ್ರದುರ್ಗ ಸೀಮೆಯ ತಿರುಮಲೈ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಅವರ ಶಿಷ್ಯರಲ್ಲಿ ಇಬ್ಬರು ಕನ್ನಡ ನಾಡಿನವರು, ಹಾಸನ ಜಿಲ್ಲೆಯ ಕೌಶಿಕದ ಪಟ್ಟಾಭಿ ಜೋಯಿಸ್ ಮತ್ತು ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್. ಒಬ್ಬರೇ ಗುರು, ದಾರಿ ಮಾತ್ರ ಎರಡು. ಜೋಯಿಸರು ಮೈಸೂರಲ್ಲೇ ಉಳಿದು ಅಷ್ಟಾಂಗ ವಿನ್ಯಾಸ ಪದ್ಧತಿಯನ್ನು ಬೆಳೆಸಿದರು. ಅಯ್ಯಂಗಾರರು ಪುಣೆಗೆ ಹೋಗಿ ತಮ್ಮದೇ ಕ್ರಮ ಕಟ್ಟಿದರು. ಈಗ ಊರೂರಲ್ಲಿ ಬೋರ್ಡ್ ಹಾಕಿರುವ ತರಗತಿಗಳಲ್ಲಿ ಬಹಳಷ್ಟು ಈ ಎರಡರ ನಡುವೆ ಎಲ್ಲೋ ಇವೆ.

ಅಷ್ಟಾಂಗದಲ್ಲಿ ಆಸನಗಳ ಸಾಲು ಮೊದಲೇ ಗೊತ್ತು. ಸೂರ್ಯ ನಮಸ್ಕಾರದಿಂದ ಶುರುವಾಗಿ, ಒಂದು ಆಸನದಿಂದ ಇನ್ನೊಂದಕ್ಕೆ ಉಸಿರಿನ ಜೊತೆ ಹಾರಿಕೊಂಡೇ ಹೋಗಬೇಕು. ಬೆವರು ಇಳಿಯುತ್ತದೆ. ಮೊದಲ ಸರಣಿ ಪೂರ್ತಿ ಮಾಡಲು ಒಂದೂವರೆ ಗಂಟೆ ಬೇಕು. ಇಪ್ಪತ್ತರಿಂದ ನಲವತ್ತರ ಒಳಗಿನವರು, ಮೈ ಹಗುರ ಇರುವವರು, ಒಂದೇ ಕ್ರಮವನ್ನು ದಿನಾ ಮಾಡಲು ಬೇಸರಪಡದವರು ಇದನ್ನು ಇಷ್ಟಪಡುತ್ತಾರೆ. ಮಂಡಿ, ಮಣಿಕಟ್ಟು, ಭುಜ ಮೊದಲೇ ಕೈಕೊಟ್ಟಿದ್ದರೆ ಇದು ಬೇಡ. ಒಂದೇ ಸಾಲಲ್ಲಿ ಎಷ್ಟೋ ಸಲ ಕೈ ಮೇಲೆ ಭಾರ ಹಾಕಬೇಕಾಗುತ್ತದೆ.

ಅಯ್ಯಂಗಾರ್ ಕ್ರಮದಲ್ಲಿ ಬೆಲ್ಟ್, ಮರದ ತುಂಡು, ಕುರ್ಚಿ, ಗೋಡೆಗೆ ಕಟ್ಟಿದ ಹಗ್ಗ ಎಲ್ಲಾ ಬಳಸುತ್ತಾರೆ. ಒಂದು ಆಸನದಲ್ಲಿ ಹೆಚ್ಚು ಹೊತ್ತು ನಿಲ್ಲಿಸುತ್ತಾರೆ. ಹಿಮ್ಮಡಿ ಎಲ್ಲಿರಬೇಕು, ಮಂಡಿಚಿಪ್ಪು ಯಾವ ಕಡೆ ನೋಡಬೇಕು ಅಂತ ತಿದ್ದುತ್ತಲೇ ಇರುತ್ತಾರೆ. ಮೈ ಬಿಗಿ ಇರುವವರು, ವಯಸ್ಸಾದವರು, ಹಳೆಯ ನೋವಿರುವವರು ಇಲ್ಲಿ ಜಾಸ್ತಿ ಸುರಕ್ಷಿತ. ಆದರೆ ತಾಳ್ಮೆ ಬೇಕು. ಚೆನ್ನಾಗಿ ತರಬೇತಾದ ಶಿಕ್ಷಕರು ಸಣ್ಣ ಊರುಗಳಲ್ಲಿ ಸಿಗುವುದೂ ಕಷ್ಟ.

ಹಣ ಖರ್ಚು ಮಾಡಲು ಇಷ್ಟವಿಲ್ಲದವರಿಗೆ ಕರ್ನಾಟಕದಲ್ಲಿ ಒಂದು ದೊಡ್ಡ ಅನುಕೂಲ ಇದೆ. ಶ್ರೀ ಪತಂಜಲಿ ಯೋಗ ಶಿಕ್ಷಣ ಸಮಿತಿಯವರು ದೇವಸ್ಥಾನದ ಹಾಲ್, ಶಾಲೆ, ಕಲ್ಯಾಣ ಮಂಟಪಗಳಲ್ಲಿ ನಸುಕಿನ ಹೊತ್ತು ಉಚಿತ ತರಗತಿ ನಡೆಸುತ್ತಾರೆ. ಬೇಗ ಏಳುವ ಅಭ್ಯಾಸ ಇರಬೇಕು ಅಷ್ಟೇ. ಗುಂಪು ದೊಡ್ಡದಿರುತ್ತದೆ, ಹಾಗಾಗಿ ಪ್ರತಿಯೊಬ್ಬರ ಮಂಡಿಯನ್ನೂ ಯಾರೂ ನೋಡುತ್ತಾ ಕೂರುವುದಿಲ್ಲ. ಆದರೆ ನಾಳೆ ನೀವು ಬರದಿದ್ದರೆ ಪಕ್ಕದ ಜಮಖಾನೆಯವರು ‘ಯಾಕೆ ಬರಲಿಲ್ಲ’ ಅಂತ ಕೇಳುತ್ತಾರಲ್ಲ, ಆ ಒಂದು ಮಾತು ಎಷ್ಟೋ ದುಡ್ಡು ಕೊಟ್ಟ ಕ್ಲಾಸಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಬೆಂಗಳೂರಿನಲ್ಲಿ ಗುಂಪಿನ ತರಗತಿಗೆ ಬಡಾವಣೆ ನೋಡಿಕೊಂಡು ತಿಂಗಳಿಗೆ ಸಾವಿರದಿಂದ ಮೂರು ಸಾವಿರ ಕೇಳುತ್ತಾರೆ. ಮನೆಗೇ ಬಂದು ಹೇಳಿಕೊಡುವವರು ಅದರ ಹಲವು ಪಟ್ಟು.

ಫೋನ್ ನೋಡಿಕೊಂಡು ಕಲಿಯಬಹುದಾ? ಮೊದಲು ಎಲ್ಲಾದರೂ ಕಲಿತಿದ್ದರೆ ಧಾರಾಳವಾಗಿ. ಹೊಸಬರಿಗೆ ಬೇಡ ಅನ್ನುತ್ತೇನೆ. ಕಾರಣ ಹೇಳುತ್ತೇನೆ. ಸೂರ್ಯ ನಮಸ್ಕಾರದ ಮೂರನೆಯ ಹಂತದಲ್ಲಿ ಮುಂದಕ್ಕೆ ಬಾಗಿ ಕೈ ನೆಲಕ್ಕೆ ಮುಟ್ಟಿಸಬೇಕು. ಹೊಸಬರು ಮಂಡಿಯನ್ನು ಕೋಲಿನ ಹಾಗೆ ನೆಟ್ಟಗೆ ಇಟ್ಟುಕೊಂಡು, ಸೊಂಟದಿಂದ ಬಾಗುವ ಬದಲು ಬೆನ್ನನ್ನು ಗೂನು ಮಾಡಿ ಕೈ ಇಳಿಸುತ್ತಾರೆ. ಬೆರಳು ನೆಲಕ್ಕೆ ತಾಗುತ್ತದೆ, ಖುಷಿಯಾಗುತ್ತದೆ, ಸಂಜೆ ಸೊಂಟ ಹಿಡಿಯುತ್ತದೆ. ಮಂಡಿ ಸ್ವಲ್ಪ ಮಡಿಸಿ, ಹೊಟ್ಟೆ ತೊಡೆಗೆ ತಾಗಲಿ, ಕೈ ನೆಲ ಮುಟ್ಟದಿದ್ದರೂ ಚಿಂತೆಯಿಲ್ಲ ಅಂತ ಒಬ್ಬರು ಪಕ್ಕದಲ್ಲಿ ನಿಂತು ಹೇಳಬೇಕು. ಫೋನಿನಲ್ಲಿರುವವರಿಗೆ ನಿಮ್ಮ ಬೆನ್ನು ಕಾಣುವುದಿಲ್ಲ, ಅಲ್ವಾ?

ಎಷ್ಟು ಮಾಡಬೇಕು ಅನ್ನುವುದಕ್ಕೆ ಆಯುರ್ವೇದದ ಹಳೆಯ ಅಳತೆ ಈಗಲೂ ಸರಿಯಾಗಿ ಕೂರುತ್ತದೆ. ವ್ಯಾಯಾಮವನ್ನು ನಿಮ್ಮ ಶಕ್ತಿಯ ಅರ್ಧದಷ್ಟು ಮಾತ್ರ ಮಾಡಿ ಅನ್ನುತ್ತಾನೆ ವಾಗ್ಭಟ. ಅರ್ಧ ಆಯಿತು ಅಂತ ಗೊತ್ತಾಗುವುದು ಹೇಗೆ? ಉಸಿರು ಬಾಯಿಗೆ ಬಂದಾಗ ಅನ್ನುತ್ತಾನೆ ಸುಶ್ರುತ. ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡಲು ಆಗುತ್ತಿಲ್ಲ ಅಂದರೆ ಅವತ್ತಿಗೆ ಸಾಕು. ರಥಸಪ್ತಮಿಯ ದಿನ ಎಲ್ಲರ ಜೊತೆ 108 ಹಾಕುವ ಹುಮ್ಮಸ್ಸು ಒಳ್ಳೆಯದೇ, ಆದರೆ ಅಭ್ಯಾಸ ಇಲ್ಲದವರು ಅವತ್ತೇ ಶುರು ಮಾಡಬಾರದು.

ಗ್ಲಾಕೋಮಾ ಇರುವವರು ತಲೆ ಕೆಳಗಾಗುವ ಆಸನಗಳನ್ನು ಬಿಡಬೇಕು, ಕಣ್ಣಿನ ಒತ್ತಡ ಏರುತ್ತದೆ. ಡಿಸ್ಕ್ ತೊಂದರೆ, ಹತೋಟಿಗೆ ಬಾರದ ಬಿಪಿ ಇದ್ದರೆ ವೈದ್ಯರನ್ನು ಕೇಳಿಯೇ ಶುರು ಮಾಡಿ.

ಪ್ರಾಣಾಯಾಮ

ಹತ್ತು ನಿಮಿಷ ಸಾಕು, ಖರ್ಚು ಸೊನ್ನೆ, ಬಸ್ಸಿನಲ್ಲಿ ಕೂತೂ ಮಾಡಬಹುದು. ಹಾಗಿದ್ದರೆ ಎಲ್ಲರಿಗೂ ಇದೇ ಮೊದಲ ಆಯ್ಕೆ ಯಾಕಲ್ಲ? ಮೈ ಅಲುಗುವುದಿಲ್ಲ, ಅದಕ್ಕೆ. ಕೂತು ಕೂತು ಹಿಡಿದುಕೊಂಡ ಬೆನ್ನಿಗೆ ಇನ್ನಷ್ಟು ಕೂರುವುದು ಮದ್ದಲ್ಲ.

ತಲೆಯಲ್ಲಿ ಯೋಚನೆ ನಿಲ್ಲುವುದೇ ಇಲ್ಲ, ರಾತ್ರಿ ನಿದ್ದೆ ಬರುವುದಿಲ್ಲ, ಮೀಟಿಂಗಿಗೆ ಮುಂಚೆ ಎದೆ ಢವಢವ ಅನ್ನುವವರಿಗೆ ಮಾತ್ರ ಇದು ಆಸನಕ್ಕಿಂತ ಬೇಗ ಕೈಗೆ ಸಿಗುವ ದಾರಿ. ನಿಮಿಷಕ್ಕೆ ಐದಾರು ಉಸಿರಿಗೆ ಇಳಿಸಿದರೆ, ಅದರಲ್ಲೂ ಬಿಡುವ ಉಸಿರನ್ನು ಉದ್ದ ಮಾಡಿದರೆ, ಎದೆಬಡಿತ ನಿಧಾನವಾಗುವುದು ಕೂತಲ್ಲೇ ಗೊತ್ತಾಗುತ್ತದೆ.

ನಾಡಿಶೋಧನ ಹೀಗೆ. ಬಲಗೈಯ ತೋರುಬೆರಳು, ನಡುಬೆರಳು ಮಡಿಸಿ. ಹೆಬ್ಬೆರಳಿನಿಂದ ಬಲ ಹೊಳ್ಳೆ ಮುಚ್ಚಿ ಎಡದಿಂದ ನಾಲ್ಕು ಎಣಿಸುತ್ತಾ ಉಸಿರು ತೆಗೆದುಕೊಳ್ಳಿ. ಉಂಗುರ ಬೆರಳಿನಿಂದ ಎಡ ಮುಚ್ಚಿ, ಬಲದಿಂದ ಆರು ಎಣಿಸುತ್ತಾ ಬಿಡಿ. ಬಲದಿಂದಲೇ ತೆಗೆದುಕೊಂಡು ಎಡದಿಂದ ಬಿಡಿ. ಅಲ್ಲಿಗೆ ಒಂದು ಸುತ್ತು. ಮೂಗನ್ನು ಹಿಂಡಬೇಡಿ, ಬೆರಳು ತಾಗಿದರೆ ಸಾಕು. ಉಸಿರು ಹಿಡಿದುಕೊಳ್ಳುವ ಕುಂಭಕವನ್ನು ಗುರುವಿಲ್ಲದೆ ಮಾಡಬೇಡಿ. ಪದ್ಮಾಸನ ಬರುವುದಿಲ್ಲ ಅಂತ ಯೋಚಿಸಬೇಡಿ, ಕುರ್ಚಿಯೂ ಆಗುತ್ತದೆ. ರಾತ್ರಿಗೆ ಭ್ರಾಮರಿ ಇನ್ನೂ ಸುಲಭ. ಬಾಯಿ ಮುಚ್ಚಿ ದುಂಬಿಯ ಹಾಗೆ ಗುಂಯ್‌ಗುಟ್ಟುತ್ತಾ ಉಸಿರು ಬಿಡುವುದು. ಮಕ್ಕಳು ನಗುತ್ತಾರೆ, ನಗಲಿ, ಜೊತೆಗೆ ಅವರೂ ಮಾಡುತ್ತಾರೆ.

ಕಪಾಲಭಾತಿಯನ್ನು ಈ ಸಾಲಿಗೆ ಸೇರಿಸಬಾರದು. ಹಠಯೋಗದಲ್ಲಿ ಅದು ಷಟ್ಕರ್ಮ, ಅಂದರೆ ಶುದ್ಧಿ ಕ್ರಿಯೆ. ಟಿವಿಯಿಂದಾಗಿ ಪ್ರಾಣಾಯಾಮ ಅಂದರೆ ಅದೇ ಅನ್ನುವ ಹಾಗಾಗಿದೆ. ಹೊಟ್ಟೆಯನ್ನು ಪಟಪಟ ಒಳಗೆ ಎಳೆದು ಉಸಿರು ಹೊರದಬ್ಬುವ ಈ ಕ್ರಿಯೆ ಬಿಪಿ, ಹರ್ನಿಯಾ, ಮೂರ್ಛೆ ರೋಗ, ಗ್ಲಾಕೋಮಾ ಇರುವವರಿಗೆ, ಬಸುರಿಯರಿಗೆ, ಹೊಟ್ಟೆಯ ಆಪರೇಷನ್ ಆದವರಿಗೆ ಬೇಡ. ಹೊಟ್ಟೆ ಕರಗುತ್ತೆ ಅಂತ ಮಾಡುವವರೇ ಜಾಸ್ತಿ. ಹೊಟ್ಟೆ ಕರಗಿಸಲು ನಡಿಗೆ, ಊಟದ ತಟ್ಟೆ ಎರಡೂ ಇದಕ್ಕಿಂತ ನಂಬಿಕಸ್ಥ.

ಎಣ್ಣೆ ಸ್ನಾನ

ಹೊತ್ತು ಹೆಚ್ಚು ತಿನ್ನುತ್ತದೆ, ಆದರೆ ಮಾಡಿದ ದಿನ ಸಿಗುವಷ್ಟು ಸುಖ ಇನ್ಯಾವುದರಲ್ಲೂ ಇಲ್ಲ. ಅಭ್ಯಂಗವನ್ನು ದಿನಾ ಮಾಡಿ, ಅದರಲ್ಲೂ ತಲೆ, ಕಿವಿ, ಪಾದಗಳನ್ನು ಮರೆಯಬೇಡಿ ಅನ್ನುವುದು ವಾಗ್ಭಟನ ಮಾತು. ನಮ್ಮ ಹಿರಿಯರು ಅದನ್ನು ವಾರಕ್ಕೊಮ್ಮೆಗೆ ಇಳಿಸಿದರು. ನಾವು ನರಕ ಚತುರ್ದಶಿಗೆ ಇಳಿಸಿದೆವು.

ಯಾವ ಎಣ್ಣೆ? ಮೈಗೆ ಎಳ್ಳೆಣ್ಣೆ ಅಂತ ಶಾಸ್ತ್ರ. ಕರಾವಳಿಯವರು ಕೊಬ್ಬರಿ ಎಣ್ಣೆ ಬಿಟ್ಟು ಬೇರೆ ಮುಟ್ಟುವುದಿಲ್ಲ, ಆ ಸೆಖೆಗೆ ಅದು ಸರಿಯೇ. ಬಯಲುಸೀಮೆಯ ಮನೆಗಳಲ್ಲಿ ತಲೆಗೆ ಹರಳೆಣ್ಣೆ ತಟ್ಟುತ್ತಾರೆ. ತಂಪು ಅನ್ನುವುದು ಅವರ ಲೆಕ್ಕ. ಅದು ಅಂಟು, ತೊಳೆಯುವಾಗ ಸೀಗೆಕಾಯಿಯೇ ಬೇಕು, ಕೂದಲು ಉದ್ದ ಇದ್ದರೆ ಸಾಕುಬೇಕಾಗುತ್ತದೆ. ಗಾಣದ ಎಳ್ಳೆಣ್ಣೆ ಲೀಟರಿಗೆ ನಾಲ್ಕೈದು ನೂರು ಆಗಬಹುದು. ವಾರಕ್ಕೊಮ್ಮೆ ಒಬ್ಬರಿಗೆ 50 ಮಿಲಿ ಲೆಕ್ಕ ಹಾಕಿದರೂ ತಿಂಗಳುಗಟ್ಟಲೆ ಬರುತ್ತದೆ. ಗಿಡಮೂಲಿಕೆ ಹಾಕಿ ಕಾಯಿಸಿದ ಬಾಟಲಿ ಎಣ್ಣೆಗಳಿಗೆ ಇದರ ಮೂರ್ನಾಲ್ಕು ಪಟ್ಟು ಕೊಡಬೇಕು. ಮಾಮೂಲಿ ದಿನಗಳಿಗೆ ಅವು ಬೇಕಾಗಿಲ್ಲ. ಮಂಡಿ ನೋವಿಗೆ ಅಂತ ವೈದ್ಯರು ಬರೆದುಕೊಟ್ಟರೆ ಆ ಮಾತು ಬೇರೆ.

ಮಾಡುವ ರೀತಿ ಎಲ್ಲರಿಗೂ ಗೊತ್ತಿರುವುದೇ. ಎಣ್ಣೆ ಬಟ್ಟಲನ್ನು ಬಿಸಿನೀರಲ್ಲಿಟ್ಟು ಬೆಚ್ಚಗೆ ಮಾಡಿ. ಕೈಕಾಲಿನ ಮೂಳೆಗಳ ಮೇಲೆ ಉದ್ದಕ್ಕೆ, ಕೀಲುಗಳ ಮೇಲೆ ದುಂಡಗೆ ತಿಕ್ಕಿ. ಅರ್ಧ ಗಂಟೆ ಬಿಡಿ. ಬಿಸಿನೀರು ಮೈಗೆ, ತಲೆಗೆ ಉಗುರು ಬೆಚ್ಚಗಿನದು. ಸೋಪಿನ ಬದಲು ಕಡಲೆಹಿಟ್ಟು ಇಲ್ಲವೇ ಹೆಸರುಹಿಟ್ಟು ಹಾಕಿದರೆ ಚರ್ಮ ಒಣಗುವುದಿಲ್ಲ. ಅಪಾಯ ಇರುವುದು ಎಣ್ಣೆಯಲ್ಲಲ್ಲ, ಬಚ್ಚಲ ನೆಲದಲ್ಲಿ. ಅರವತ್ತು ದಾಟಿದವರು ಎಣ್ಣೆ ಕಾಲಲ್ಲಿ ನುಣುಪು ಟೈಲ್ಸ್ ಮೇಲೆ ನಡೆಯುವುದು ಸೊಂಟದ ಮೂಳೆಗೆ ಸಂಚಕಾರ. ಎಣ್ಣೆ ಹಚ್ಚುವುದನ್ನೂ ಬಚ್ಚಲಲ್ಲೇ ಸ್ಟೂಲ್ ಹಾಕಿ ಕೂತು ಮುಗಿಸಿ, ಪಾದಕ್ಕೆ ಕೊನೆಯಲ್ಲಿ ಹಚ್ಚಿ, ಹಿಡಿದುಕೊಳ್ಳಲು ಒಂದು ಕಂಬಿ ಇರಲಿ. ಜ್ವರ, ನೆಗಡಿ, ಅಜೀರ್ಣ ಇದ್ದಾಗ, ಊಟ ಆದ ಕೂಡಲೇ ಬೇಡ. ಹಸುಗೂಸುಗಳ ಮೂಗು, ಕಿವಿಗೆ ಎಣ್ಣೆ ಬಿಡುವ ರೂಢಿಯನ್ನು ಪೂರ್ತಿ ನಿಲ್ಲಿಸಬೇಕು. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು.

ಭಾನುವಾರವೂ ಬಿಡುವಿಲ್ಲದವರು ರಾತ್ರಿ ಮಲಗುವ ಮುಂಚೆ ಅಂಗಾಲಿಗೆ ಎಣ್ಣೆ ತಿಕ್ಕಿ ಹಳೆಯ ಕಾಲುಚೀಲ ಹಾಕಿಕೊಳ್ಳಬಹುದು. ಐದು ನಿಮಿಷದ ಕೆಲಸ. ನಿದ್ದೆ ಸರಿಯಿಲ್ಲದವರಿಗೆ ನಾನು ಮೊದಲು ಹೇಳುವುದು ಇದನ್ನೇ, ಜೊತೆಗೆ ಭ್ರಾಮರಿ.

ನೇತಿ, ನಸ್ಯ, ಎಣ್ಣೆ ಮುಕ್ಕಳಿಸುವುದು

ಇವು ಹೆಚ್ಚುವರಿ. ಧೂಳಿಗೆ ಮೂಗು ಕಟ್ಟುವವರಿಗೆ ಜಲನೇತಿ, ಅಂದರೆ ಒಂದು ಹೊಳ್ಳೆಯಿಂದ ನೀರು ಬಿಟ್ಟು ಇನ್ನೊಂದರಿಂದ ಇಳಿಸಿ ಮೂಗು ತೊಳೆಯುವುದು, ನಿಜಕ್ಕೂ ಒಳ್ಳೆಯದು. ಆದರೆ ನೀರು ಕಾಯಿಸಿ ಆರಿಸಿದ್ದೇ ಆಗಬೇಕು. ನಲ್ಲಿ ನೀರು, ಬಾವಿ ನೀರು ನೇರವಾಗಿ ಬೇಡ. ಮೂಗಿನ ಮೂಲಕ ಮಿದುಳಿಗೆ ಹೋಗುವ ಅಮೀಬಾ ಅಪರೂಪ, ಆದರೆ ಬಂದರೆ ಉಳಿಯುವವರು ಕಮ್ಮಿ. ನಸ್ಯವನ್ನು, ಅಂದರೆ ಮೂಗಿಗೆ ಔಷಧಿಯ ಎಣ್ಣೆ ಬಿಡುವುದನ್ನು, ವೈದ್ಯರು ಹೇಳಿದರೆ ಮಾತ್ರ ಮಾಡಿ. ಎಣ್ಣೆ ಮುಕ್ಕಳಿಸುವುದರಿಂದ ಬಾಯಿ ಹಗುರವಾಗುತ್ತದೆ, ಆದರೆ ಅದು ಹಲ್ಲುಜ್ಜುವುದಕ್ಕೆ ಬದಲಿಯಲ್ಲ. ಉಗುಳುವುದು ಸಿಂಕಿಗೆ ಬೇಡ, ಪೈಪ್ ಕಟ್ಟಿಕೊಳ್ಳುತ್ತದೆ.

ಕಷಾಯ, ಪುಡಿ, ಲೇಹ್ಯ

ಇಲ್ಲಿ ಮೂರು ಬೇರೆಬೇರೆ ವಸ್ತುಗಳನ್ನು ಒಂದೇ ಬುಟ್ಟಿಗೆ ಹಾಕಿ ‘ಆಯುರ್ವೇದ, ಸೈಡ್ ಎಫೆಕ್ಟ್ ಇಲ್ಲ’ ಅನ್ನುತ್ತಾರೆ. ಬಿಡಿಸಿ ನೋಡೋಣ.

ಮೊದಲನೆಯದು ಅಡುಗೆಮನೆಯದು. ಮಲೆನಾಡು, ಕರಾವಳಿಯ ಕಷಾಯ ಪುಡಿ ಅಂದರೆ ಕೊತ್ತಂಬರಿ ಬೀಜ, ಜೀರಿಗೆ, ಸ್ವಲ್ಪ ಮೆಂತ್ಯ, ಕಾಳುಮೆಣಸು, ಒಣಶುಂಠಿ. ಹುರಿದು ಪುಡಿ ಮಾಡಿ, ನೀರಲ್ಲಿ ಕುದಿಸಿ, ಬೆಲ್ಲ ಹಾಲು ಹಾಕಿದರೆ ಆಯಿತು. ಸಂಜೆಯ ಎರಡನೇ ಕಾಫಿಯ ಜಾಗಕ್ಕೆ ಇದು ಬಂದರೆ ರಾತ್ರಿ ನಿದ್ದೆಗೆ ಅನುಕೂಲ. ಇದರ ದೊಡ್ಡ ಲಾಭ ಅಷ್ಟೇ, ಮತ್ತು ಅದು ಸಣ್ಣದೇನಲ್ಲ. ಮನೆಯಲ್ಲಿ ಮಾಡಿದರೆ ಖರ್ಚೂ ಇಲ್ಲ. ಎದೆಯುರಿ ಇರುವವರು ಮೆಣಸು ಕಮ್ಮಿ ಹಾಕಿ.

ಹಾಗಂತ ಗಿಡ, ತೊಗಟೆ ಅಂದ ಮಾತ್ರಕ್ಕೆ ನಂಬಬೇಕಾಗಿಲ್ಲ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಮಾಡಿ ಕುಡಿಯುತ್ತಾರೆ, ಮೇಲೆ ಮೆಂತ್ಯದ ಗಂಜಿ. ಮರ ಗೊತ್ತಿರುವವರೇ ತರಬೇಕು ಅಂತ ಅಲ್ಲಿನ ಹಿರಿಯರು ಒತ್ತಿ ಒತ್ತಿ ಹೇಳುವುದು ಸುಮ್ನೆ ಅಲ್ಲ. ಕತ್ತಲಲ್ಲಿ ಕಾಸರಕದ ತೊಗಟೆ ತಂದರೆ ಅದು ವಿಷ.

ಎರಡನೆಯದು ಅಂಗಡಿಯ ಸಾಮಾನ್ಯ ಪುಡಿ, ಲೇಹ್ಯಗಳು. ತ್ರಿಫಲಾ ಅಂದರೆ ಅಳಲೆಕಾಯಿ, ತಾರೆಕಾಯಿ, ನೆಲ್ಲಿಕಾಯಿ. ಮಲಬದ್ಧತೆ ಇದ್ದವರು ರಾತ್ರಿ ಅರ್ಧ ಚಮಚ ಬಿಸಿನೀರಲ್ಲಿ ತೆಗೆದುಕೊಂಡರೆ ಬೆಳಿಗ್ಗೆ ಸಲೀಸು. ಭೇದಿಯಾದರೆ ನಿಲ್ಲಿಸಿ, ಬಸುರಿಯರು ಮುಟ್ಟಬೇಡಿ. ತಿಂಗಳುಗಟ್ಟಲೆ ಅದಿಲ್ಲದೆ ಆಗುವುದೇ ಇಲ್ಲ ಅಂದರೆ ತಟ್ಟೆಯಲ್ಲಿ ಸೊಪ್ಪು, ಕಾಳು ಇದೆಯಾ ಅಂತ ನೋಡಿ. ಚ್ಯವನಪ್ರಾಶ ರುಚಿಯೇನೋ ಹೌದು, ಆದರೆ ಬಹಳಷ್ಟು ಡಬ್ಬಿಗಳಲ್ಲಿ ಸುಮಾರು ಅರ್ಧ ಸಕ್ಕರೆಯೇ. ಮನೆಯಲ್ಲಿ ಶುಗರ್ ಇರುವವರು ಇದ್ದರೆ ನೆನಪಿರಲಿ.

ಅಶ್ವಗಂಧ, ಅಮೃತಬಳ್ಳಿಗಳನ್ನು ನಾನು ಅಪಾಯದ ಲೆಕ್ಕದಲ್ಲಿ ಇನ್ನೊಂದು ಮೆಟ್ಟಿಲು ಮೇಲೆ ಇಡುತ್ತೇನೆ. ಎರಡರಲ್ಲೂ ಲಿವರ್‌ಗೆ ಪೆಟ್ಟಾದ ಪ್ರಕರಣಗಳನ್ನು ವೈದ್ಯರು ವರದಿ ಮಾಡಿದ್ದಾರೆ. ಅಪರೂಪ, ಆದರೆ ಇದೆ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಕಷಾಯವನ್ನು ಅತಿಯಾಗಿ ಕುಡಿದಾಗ ಇದು ಹೆಚ್ಚು ಸುದ್ದಿಯಾಯಿತು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಅಶ್ವಗಂಧವನ್ನು ತಾವಾಗಿಯೇ ಶುರು ಮಾಡಬಾರದು. ಶುಗರ್ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರೂ ಅಷ್ಟೇ, ಯಾವ ಮೂಲಿಕೆಯಾದರೂ ಮೊದಲು ಡಾಕ್ಟರಿಗೆ ತಿಳಿಸಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ.

ಮೂರನೆಯದು ಭಸ್ಮ, ರಸೌಷಧಿ. ಪಾದರಸ, ಸೀಸ ಮುಂತಾದವನ್ನು ಬಳಸಿ ಮಾಡುವ ಔಷಧಿಗಳಿವು. ದಿನನಿತ್ಯದ ಆರೋಗ್ಯಕ್ಕೂ ಇವಕ್ಕೂ ಸಂಬಂಧವೇ ಇಲ್ಲ. ಹೆಸರು, ಬ್ಯಾಚ್ ನಂಬರ್, ಲೈಸೆನ್ಸ್ ನಂಬರ್ ಇಲ್ಲದ ಪೊಟ್ಟಣವನ್ನು ಯಾರೇ ಕೊಟ್ಟರೂ ವಾಪಸ್ ಕೊಡಿ.

ಒಟ್ಟಿನಲ್ಲಿ ಹಣ ತಿಂಗಳು ತಿಂಗಳು ಹರಿಯುವುದು, ತಪ್ಪಾದರೆ ಪೆಟ್ಟು ಜೋರಾಗಿರುವುದು, ಎರಡೂ ಈ ಸಾಲಿನಲ್ಲೇ. ನನ್ನ ಪಟ್ಟಿಯಲ್ಲಿ ಅಡುಗೆಮನೆಯ ಕಷಾಯ ಬಿಟ್ಟರೆ ಉಳಿದದ್ದಕ್ಕೆಲ್ಲ ಕೊನೆಯ ಜಾಗ.

ಪಂಚಕರ್ಮ, ಪ್ರಕೃತಿ ಚಿಕಿತ್ಸೆ

ವರ್ಷಕ್ಕೊಮ್ಮೆ ಹೋಗಿ ‘ಸರ್ವಿಸ್ ಮಾಡಿಸಿಕೊಂಡು’ ಬರುವವರು ಈಗ ಹೆಚ್ಚಿದ್ದಾರೆ. ಪಂಚಕರ್ಮ ಅಂದರೆ ವಮನ (ವಾಂತಿ ಮಾಡಿಸುವುದು), ವಿರೇಚನ (ಭೇದಿ ಮಾಡಿಸುವುದು), ಎರಡು ಬಗೆಯ ಬಸ್ತಿ (ಎನಿಮಾ), ನಸ್ಯ. ವಿರೇಚನಕ್ಕೆ ಮುಂಚೆ ತುಪ್ಪ ಕುಡಿಸುವುದಕ್ಕೇ ಮೂರರಿಂದ ಏಳು ದಿನ ಬೇಕು. ಆಮೇಲೆ ಗಂಜಿಯಿಂದ ಮೆಲ್ಲಗೆ ಮಾಮೂಲಿ ಊಟಕ್ಕೆ ಬರಬೇಕು. ಹಾಗಾಗಿ ರೆಸಾರ್ಟಿನ ‘ಎರಡು ರಾತ್ರಿ ಪಂಚಕರ್ಮ’ ಅನ್ನುವುದು ಎಣ್ಣೆ ಮಾಲೀಶು ಮತ್ತು ಆವಿ ಸ್ನಾನ. ಶಾಸ್ತ್ರದಲ್ಲಿ ಅವು ಪೂರ್ವಕರ್ಮ, ಅಂದರೆ ಮೊದಲ ತಯಾರಿ ಅಷ್ಟೇ. ಅದೂ ಚೆನ್ನಾಗಿಯೇ ಇರುತ್ತದೆ, ಆದರೆ ಪಂಚಕರ್ಮದ ಬೆಲೆ ಕೊಡಬೇಡಿ.

ನಿಜವಾಗಿ ಬೇಕಿದ್ದರೆ ಕಾಲೇಜುಗಳಿಗೆ ಸೇರಿದ ಆಸ್ಪತ್ರೆಗಳೇ ವಾಸಿ. ಮೈಸೂರಿನ ಸರ್ಕಾರಿ ಆಯುರ್ವೇದ ಕಾಲೇಜು 1908ರಿಂದ ಇದೆ. ಬೆಂಗಳೂರಿನ ಜಯಚಾಮರಾಜೇಂದ್ರ ಆಸ್ಪತ್ರೆ ಇದೆ. ಉಡುಪಿ, ಹಾಸನದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ (ಎಸ್‌ಡಿಎಂ) ಆಯುರ್ವೇದ ಆಸ್ಪತ್ರೆಗಳಿವೆ. ಸರ್ಕಾರಿ ಕಡೆ ಖರ್ಚು ಬಹಳ ಕಮ್ಮಿ, ಕಾಯಬೇಕು, ಕೋಣೆ ಸಾದಾ. ಪ್ರಕೃತಿ ಚಿಕಿತ್ಸೆಗೆ ಧರ್ಮಸ್ಥಳದ ಶಾಂತಿವನದಂಥ ಜಾಗಗಳಿವೆ. ಅಲ್ಲಿ ಊಟದ ಶಿಸ್ತೇ ಮುಖ್ಯ ಮದ್ದು. ವಾರ, ಹತ್ತು ದಿನ ಬಿಡುವು ಮಾಡಿಕೊಳ್ಳಲು ಆಗುವವರಿಗೆ, ಕುಡಿತ, ಸಿಗರೇಟು, ಹೊತ್ತಲ್ಲದ ಊಟಗಳಿಂದ ಒಮ್ಮೆ ದೂರ ಹೋಗಬೇಕು ಅನ್ನುವವರಿಗೆ ಉಪಯೋಗ. ಮನೆಗೆ ಬಂದು ಹಳೆಯ ದಾರಿಗೇ ಬಿದ್ದರೆ ಕಳೆದ ತೂಕ ವಾಪಸ್ ಬರಲು ಜಾಸ್ತಿ ದಿನ ಬೇಕಿಲ್ಲ. ಎಲ್ಲೇ ಹೋದರೂ ಆಯುರ್ವೇದಕ್ಕೆ ಬಿಎಎಂಎಸ್, ಪ್ರಕೃತಿ ಚಿಕಿತ್ಸೆಗೆ ಬಿಎನ್‌ವೈಎಸ್ ಓದಿದ ವೈದ್ಯರು ಇದ್ದಾರೆಯೇ, ಮೊದಲ ದಿನ ನಿಮ್ಮ ಬಿಪಿ, ಶುಗರ್, ನುಂಗುವ ಮಾತ್ರೆಗಳನ್ನು ಕೇಳಿ ಬರೆದುಕೊಂಡರೇ, ಇದನ್ನು ನೋಡಿ. ಏನೂ ಕೇಳದೆ ನೇರವಾಗಿ ಪ್ಯಾಕೇಜಿನ ರೇಟು ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಹಾಗಾದರೆ ಯಾರಿಗೆ ಯಾವುದು?

ಕಂಪ್ಯೂಟರ್ ಮುಂದೆ ಕೂರುವವರು, ಇಪ್ಪತ್ತೈದರಿಂದ ನಲವತ್ತೈದರ ಒಳಗಿನವರು ಇಪ್ಪತ್ತು ನಿಮಿಷ ಆಸನ, ಕೊನೆಗೆ ಐದು ನಿಮಿಷ ನಾಡಿಶೋಧನ ಮಾಡಿ. ಎಣ್ಣೆ ಭಾನುವಾರಕ್ಕೆ. ಅವರಿಗೆ ಪುಡಿ, ಮಾತ್ರೆ ಯಾವುದೂ ಬೇಡ.

ಅರವತ್ತರ ಆಚೆ, ಬಿಪಿ ಮಾತ್ರೆ ನುಂಗುವವರಿಗೆ ನಡಿಗೆ ಮೊದಲು. ಆಮೇಲೆ ಕುರ್ಚಿ ಹಿಡಿದು ಮಾಡುವ ಆಸನ, ನಿಧಾನ ಉಸಿರಾಟ, ಮಲಗುವಾಗ ಪಾದಕ್ಕೆ ಎಣ್ಣೆ. ಯೋಗ ಶುರುವಾಯಿತು ಅಂತ ಬಿಪಿ ಮಾತ್ರೆ ಬಿಡುವುದನ್ನು ಮಾತ್ರ ಡಾಕ್ಟರೇ ಹೇಳಬೇಕು.

ಬಸುರಿಯರು ಅದಕ್ಕೆಂದೇ ತರಬೇತಾದ ಶಿಕ್ಷಕರ ಹತ್ತಿರ ಮಾತ್ರ ಕಲಿಯಿರಿ. ಸಣ್ಣ ಮಗುವಿನ ತಾಯಂದಿರಿಗೆ ಅರ್ಧ ಗಂಟೆ ಅನ್ನುವುದೇ ದೊಡ್ಡ ಮಾತು. ಮಗು ಮಲಗಿದಾಗ ಹತ್ತು ನಿಮಿಷ ಮಲಗಿಯೇ ಮಾಡುವ ಯೋಗನಿದ್ರೆ ಅವರಿಗೆ ಸೂರ್ಯ ನಮಸ್ಕಾರಕ್ಕಿಂತ ಮೇಲು.

ಪರೀಕ್ಷೆಗೆ ಓದುವ ಮಕ್ಕಳಿಗೆ ನೆನಪಿನ ಶಕ್ತಿಯ ಸಿರಪ್ ಕೊಡಿಸುವ ಬದಲು ಸಂಜೆ ಹನ್ನೆರಡು ಸೂರ್ಯ ನಮಸ್ಕಾರ, ರಾತ್ರಿ ಹತ್ತೂವರೆಗೆ ದೀಪ ಆರಿಸುವುದು.

ಹೊರದೇಶದ ಚಳಿಯಲ್ಲಿ ಇರುವ ನಮ್ಮವರಿಗೆ ಎಣ್ಣೆ ಹಚ್ಚುವುದರ ಅಗತ್ಯ ಇಲ್ಲಿಗಿಂತ ಜಾಸ್ತಿ, ಹೀಟರ್ ಗಾಳಿಗೆ ಚರ್ಮ ಸಿಪ್ಪೆ ಏಳುತ್ತದೆ. ಆದರೆ ಹಂಡೆ ಬಚ್ಚಲು ಇಲ್ಲ, ಬಾತ್‌ಟಬ್ ಜಾರುತ್ತದೆ, ಒಳಗೆ ರಬ್ಬರ್ ಮ್ಯಾಟ್ ಹಾಕಿ. ಎಣ್ಣೆ ಹೀರಿದ ಟವೆಲನ್ನು ಡ್ರೈಯರ್‌ಗೆ ಹಾಕಬೇಡಿ. ಬಟ್ಟೆಯಲ್ಲಿ ಉಳಿದ ಎಣ್ಣೆ ಆ ಬಿಸಿಗೆ ತಾನಾಗಿಯೇ ಹೊತ್ತಿಕೊಂಡ ಘಟನೆಗಳಿವೆ. ಬಿಸಿನೀರಲ್ಲಿ ಒಗೆದು ಹರವಿ ಒಣಗಿಸಿ.

ಇನ್ನು ಹಣದ ಲೆಕ್ಕ. ಏನೂ ಖರ್ಚು ಮಾಡಲಾಗದು ಅಂದರೆ ಉಚಿತ ತರಗತಿ, ಪ್ರಾಣಾಯಾಮ, ಅಡುಗೆಮನೆಯ ಎಣ್ಣೆ, ಇಷ್ಟರಲ್ಲೇ ನಾನು ಹೇಳಿದ ಲಾಭದ ಬಹುಪಾಲು ಸಿಗುತ್ತದೆ. ತಿಂಗಳಿಗೆ ಎರಡು ಸಾವಿರ ಇದ್ದರೆ ಮೊದಲ ಮೂರು ತಿಂಗಳು ಒಳ್ಳೆಯ ಶಿಕ್ಷಕರಿಗೆ ಕೊಡಿ, ಸಣ್ಣ ಗುಂಪು ಇರುವ ಕಡೆ. ಭಂಗಿ ತಿದ್ದಿಕೊಂಡ ಮೇಲೆ ಮನೆಯಲ್ಲೇ ಮಾಡಿ, ಹಣ ನಿಲ್ಲಿಸಿ. ಇನ್ನೂ ಮಿಕ್ಕಿದರೆ ಪುಡಿ ಡಬ್ಬಿಗಳಿಗಿಂತ ಒಂದು ಒಳ್ಳೆಯ ಮ್ಯಾಟ್ ತೆಗೆದುಕೊಳ್ಳಿ. ಗ್ರಾನೈಟ್ ನೆಲದ ಮೇಲೆ ಜಮಖಾನೆ ಜಾರುತ್ತದೆ, ನಿಂತು ಮಾಡುವ ಆಸನಗಳಿಗೆ ಅದು ಆಗದು. ಆರು ಮಿಲಿಮೀಟರಿಗಿಂತ ದಪ್ಪದ್ದೂ ಬೇಡ, ಒಂಟಿ ಕಾಲಲ್ಲಿ ನಿಂತಾಗ ಪಾದ ಅದರಲ್ಲಿ ಹೂತು ಅಲ್ಲಾಡುತ್ತದೆ.